ಮಗುವಿನ ಕಾಯವೂ ಬುದ್ಧಿಯೂ



ಪರೀಕ್ಷೆಯ ಫಲಿತಾಂಶ ಬಂದ ವಾರ ಮಠಕ್ಕೆ ಬರುವ ತಂದೆತಾಯಿಗಳು ಹೆಚ್ಚು. ನಮ್ಮನ್ನು ‘ಬುದ್ಧೀ’ ಎಂದು ಕರೆದು, ‘ಹುಡುಗನ ತಲೆಗೆ ವಿದ್ಯೆ ಹತ್ತುವುದಿಲ್ಲ, ಸ್ವಲ್ಪ ಬುದ್ಧಿ ದಯಪಾಲಿಸಬೇಕು’ ಎಂದು ಕೇಳುತ್ತಾರೆ. ವಿಭೂತಿ ಕೊಡುತ್ತೇವೆ, ಹರಸುತ್ತೇವೆ. ಆದರೆ ಈ ಮಾತನ್ನು ಕೂಸು ತೊಟ್ಟಿಲಲ್ಲಿದ್ದಾಗಲೇ ಕೇಳಲು ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಮಗೆ ಅನ್ನಿಸುವುದುಂಟು.

ಹುಟ್ಟಿದ ಶಿಶುವಿನ ಮೆದುಳು ದೊಡ್ಡವರ ಮೆದುಳಿನ ಕಾಲು ಭಾಗದಷ್ಟು ತೂಗುತ್ತದೆ. ಎರಡು ವರ್ಷ ತುಂಬುವ ಹೊತ್ತಿಗೆ ಅದು ಹೆಚ್ಚು ಕಡಿಮೆ ಮುಕ್ಕಾಲು ಭಾಗಕ್ಕೆ ಬಂದಿರುತ್ತದೆ. ಸುಶ್ರುತಾಚಾರ್ಯರು ಗರ್ಭಿಣಿಯನ್ನು ‘ದೌಹೃದಿನಿ’, ಎಂದರೆ ಎರಡು ಹೃದಯವುಳ್ಳವಳು ಎಂದು ಕರೆದರು. ನಮ್ಮ ಹಿರಿಯರಾದರೋ ಎಂಟನೆಯ ತಿಂಗಳಲ್ಲಿ ಗರ್ಭಕ್ಕೇ ಲಿಂಗಧಾರಣೆ ಮಾಡಿಸಿದರು. ಹುಟ್ಟುವ ಮೊದಲೇ ಕೂಸಿನ ಸಂಸ್ಕಾರ ಆರಂಭವಾಯಿತೆಂದು ಅದರ ಅರ್ಥ. ಆ ಶಾಸ್ತ್ರವನ್ನು ಸಂಭ್ರಮದಿಂದ ಮಾಡಿಸಿ, ಆಸ್ಪತ್ರೆಯವರು ಕೊಟ್ಟ ಕಬ್ಬಿಣದ ಗುಳಿಗೆಯನ್ನು ಗೋಡೆಯ ಗೂಡಿನಲ್ಲಿಟ್ಟು ಮರೆತರೆ ಸಂಸ್ಕಾರ ಅರ್ಧಕ್ಕೇ ನಿಂತಂತೆ.

ತೆಂಗಿನ ಸಸಿ ಮೊದಲ ಕೆಲವು ತಿಂಗಳು ಕಾಯಿಯೊಳಗಿನ ತಿರುಳನ್ನೇ ಉಂಡು ಬೆಳೆಯುವುದನ್ನು ನೀವೆಲ್ಲ ಬಲ್ಲಿರಿ. ಹಾಗೆಯೇ ಕೂಸು ಬಸಿರಿನ ಕೊನೆಯ ಮೂರು ತಿಂಗಳಲ್ಲಿ ತಾಯಿಯ ರಕ್ತದಿಂದ ಕಬ್ಬಿಣದ ಅಂಶವನ್ನು ಕೂಡಿಟ್ಟುಕೊಂಡು ಬರುತ್ತದೆ. ಆ ದಾಸ್ತಾನು ಸುಮಾರು ಆರು ತಿಂಗಳಿಗೆ ಸಾಕು. ಆಮೇಲೆ ಬರಿಯ ಎದೆಹಾಲು ಸಾಲದು. ಮೆದುಳಿನ ನರತಂತುಗಳಿಗೆ ಕವಚ ಕಟ್ಟುವ ಕೆಲಸಕ್ಕೂ ಕಬ್ಬಿಣ ಬೇಕು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೫ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಕಂಡಿತು. ಅಂಥ ಮಗು ಮಂಕಾಗಿ ಕೂರುತ್ತದೆ, ಕಲಿತದ್ದು ನಿಲ್ಲುವುದಿಲ್ಲ. ನಾವು ಅದನ್ನು ‘ದಡ್ಡ’ ಎನ್ನುತ್ತೇವೆ.

ಬೆಳಗ್ಗೆ ಎದ್ದ ಕೂಸಿಗೆ ಟೀಯಲ್ಲಿ ಬಿಸ್ಕತ್ತು ಅದ್ದಿ ತಿನ್ನಿಸುವುದನ್ನು ಮನೆಮನೆಗಳಲ್ಲೂ ನೋಡಿದ್ದೇವೆ. ಟೀಯ ಒಗರು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಮನೆಯಲ್ಲಿ ರಾಗಿ ಇದೆ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಸರಿ ಮಾಡಿ. ಬೇಳೆಯ ಕಟ್ಟು, ಸೊಪ್ಪು, ಮೇಲೆ ನಾಲ್ಕು ಹನಿ ನಿಂಬೆರಸ; ಆ ಹುಳಿ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ತೋಟದಲ್ಲಿ ಬರಿಗಾಲಲ್ಲಿ ಆಡುವ ಮಕ್ಕಳಿಗೆ ಕೊಕ್ಕೆಹುಳುವಿನ ಕಾಟವೂ ಉಂಟು. ಅಂಗನವಾಡಿಯಲ್ಲಿ ಜಂತುಹುಳುವಿನ ಮಾತ್ರೆ ಕೊಡುವ ದಿನ ಮಗುವನ್ನು ಮನೆಯಲ್ಲಿ ಇರಿಸಿಕೊಳ್ಳಬೇಡಿ.

ಹಾಗಾದರೆ ಹೊಟ್ಟೆ ತುಂಬಿದರೆ ಸಾಕೇ? ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದಲ್ಲಿ ೧೯೮೬–೮೭ರಲ್ಲಿ ವೈದ್ಯರು ಬಡವರ ಕೇರಿಗಳ ೧೨೯ ಕುಳ್ಳು ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಹಾಲಿನ ಪುಡಿ ಕೊಟ್ಟರು. ಕೆಲವರ ಮನೆಗೆ ವಾರಕ್ಕೊಂದು ಗಂಟೆ ಕಾರ್ಯಕರ್ತೆಯನ್ನು ಕಳಿಸಿ, ಮಗುವಿನೊಡನೆ ಆಡುವುದನ್ನು, ಮಾತನಾಡುವುದನ್ನು ತಾಯಿಗೆ ಕಲಿಸಿದರು. ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಎರಡು ವರ್ಷದ ಕೊನೆಗೆ, ಎರಡೂ ದೊರೆತವರು ಚೆನ್ನಾಗಿ ಬೆಳೆದ ಮಕ್ಕಳ ಹತ್ತಿರಕ್ಕೆ ಬಂದಿದ್ದರು. ಮುಂದೆ ಹಾಲಿನ ಪುಡಿಯ ಲಾಭ ಮಾಸಿತು. ಆಟ–ಮಾತಿನ ಲಾಭ ಮಾತ್ರ ಉಳಿಯಿತು. ಇಪ್ಪತ್ತು ವರ್ಷಗಳ ಮೇಲೆ ನೋಡಿದಾಗ ಆ ಮಕ್ಕಳ ಗಳಿಕೆ, ಅದು ದೊರೆಯದವರಿಗಿಂತ ನೂರಕ್ಕೆ ೨೫ರಷ್ಟು ಹೆಚ್ಚಾಗಿತ್ತು. ಅಲ್ಲಿ ಆಟಿಕೆಗಳನ್ನು ಮನೆಯ ಹಳೆಯ ಸಾಮಾನಿನಿಂದಲೇ ಮಾಡಿದ್ದರು. ನಿಮಗೆ ಕರಟಕ್ಕೆ ಬರವೇ?

ಇಂದು ಕೂಸು ಅತ್ತರೆ ಕೈಗೆ ಮೊಬೈಲು ಕೊಡುತ್ತಾರೆ. ಮೊಬೈಲು ಹೇಳುತ್ತದೆ, ಕೇಳುವುದಿಲ್ಲ. ಕೂಸು ‘ಊಂ’ ಎಂದರೆ ಅಜ್ಜಿಯೂ ‘ಊಂ’ ಎನ್ನುತ್ತಾಳಲ್ಲ, ಆ ಕೊಡುಕೊಳ್ಳುವಿಕೆಯಲ್ಲೇ ಭಾಷೆ ಹುಟ್ಟುತ್ತದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಹೊಡೆಯುವುದಕ್ಕೆ ಸಮರ್ಥನೆಯಾಗಿ ಹೇಳುವವರಿದ್ದಾರೆ. ತೆಂಗಿನ ಸಸಿಯನ್ನು ಯಾರೂ ಹೊಡೆದು ಬೆಳೆಸಿದ್ದನ್ನು ನಾವು ಕಾಣೆವು; ಪಾತಿ ಮಾಡುತ್ತಾರೆ, ನೆರಳು ಕಟ್ಟುತ್ತಾರೆ.

ಇನ್ನೊಂದು ಮಾತು. ಅಟ್ಟದ ಕಾಯಿ ಕೊಬ್ಬರಿಯಾಯಿತೇ ಎಂದು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡುತ್ತೀರಿ. ನಿಮ್ಮ ಕೂಸಿಗೆ ಕಿವಿ ಕೇಳುತ್ತದೆಯೇ ಎಂದು ನೋಡಿಸಿದ್ದೀರಾ? ಕೇಳದ ಮಗುವನ್ನು ‘ಮೊಂಡು’ ಎಂದು ವರ್ಷಗಟ್ಟಲೆ ಬೈಯುವ ಮನೆಗಳಿವೆ. ಮಲಗಿದ ಕೂಸಿನ ಕಿವಿಗೆ ಸಣ್ಣ ಸಾಧನವಿಟ್ಟು ಕೆಲವೇ ನಿಮಿಷದಲ್ಲಿ ಪರೀಕ್ಷಿಸುತ್ತಾರೆ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಉಪಚಾರ ಎಂಬುದು ವೈದ್ಯರ ಲೆಕ್ಕ. ಅಕ್ಕನ ಮಗಳನ್ನೇ ತಂದುಕೊಂಡ ಮನೆಗಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು, ಅವರಂತೂ ತಪ್ಪಿಸಲೇಬಾರದು. ಮೈಸೂರಿನಲ್ಲಿ ೧೯೬೫ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಮಗುವಿನ ಜೊತೆಗೆ ತಾಯಿಗೂ ಕಲಿಸುತ್ತಾರೆ. ತಡವಾಯಿತೆಂದು ನಾಚಿ ಕೂರಬೇಡಿ. ಮೂರು ವರ್ಷದ ಮಗುವಾದರೂ ಕರೆದುಕೊಂಡು ಹೋಗಿ, ತಂದೆಯೂ ಜೊತೆಗೆ ಹೋಗಲಿ.