ಮಾತು ಬಲ್ಲವರಾರು?

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಆದರೆ ಮಾತು ಬಲ್ಲವನೆಂದರೆ ಯಾರು? ಸೊಗಸಾಗಿ ಭಾಷಣ ಮಾಡುವವನೇ? ಎದುರಾಳಿಯ ಬಾಯಿ ಮುಚ್ಚಿಸುವವನೇ? ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಇದಕ್ಕೆ ಬೇರೆಯೇ ಉತ್ತರ ಕೊಟ್ಟನು. ಅವನ ಪ್ರಕಾರ ವಾಗ್ಮಿತೆಯೆಂದರೆ ಆಯಾ ಸಂದರ್ಭದಲ್ಲಿ ಮನವೊಲಿಸಲು ಇರುವ ದಾರಿಗಳನ್ನು ಗುರುತಿಸುವ ಶಕ್ತಿ. ಅಂಥ ದಾರಿಗಳು ಮೂರು: ಆಡುವವನ ಶೀಲ, ಕೇಳುವವರ ಭಾವ, ಮಾತಿನೊಳಗಿನ ತರ್ಕ. ಗ್ರಾಮಸಭೆಯಲ್ಲಿ ರಸ್ತೆ ಯಾವ ಕೇರಿಗೆ ಮೊದಲು ಬರಬೇಕೆಂದು ವಾದಿಸುವವರೂ, ಮಗಳನ್ನು ಕಾಲೇಜಿಗೆ ಕಳುಹಿಸಲು ಮನೆಯ ಹಿರಿಯರನ್ನು ಒಪ್ಪಿಸುವ ತಾಯಿಯೂ ಈ ಮೂರನ್ನು ಅರಿಯದೆಯೇ ಬಳಸುತ್ತಾರೆ. ಅರಿತು ಬಳಸುವುದನ್ನು ಶಾಸ್ತ್ರ ಕಲಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಇತರರು ತಮ್ಮ ಮೇಲೆ ಬಳಸುವಾಗ ಎಚ್ಚರದಿಂದಿರುವುದನ್ನೂ ಕಲಿಸುತ್ತದೆ.

ಭಾರತೀಯ ಪರಂಪರೆಯಲ್ಲಿಯೂ ಈ ವಿಚಾರ ಆಳವಾಗಿ ನಡೆದಿದೆ. ನ್ಯಾಯದರ್ಶನವು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಸತ್ಯವನ್ನು ಕಾಣಲು ನಡೆಯುವುದು ವಾದ. ಗೆಲ್ಲುವುದಕ್ಕಾಗಿಯೇ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವಿಲ್ಲದೆ ಎದುರಿನವರ ಮಾತನ್ನು ಕೆಡವುವುದಷ್ಟೇ ವಿತಂಡ. 11ನೆಯ ಶತಮಾನದ ಮಮ್ಮಟನ ‘ಕಾವ್ಯಪ್ರಕಾಶ’ವು ಉಪದೇಶದ ಮೂರು ರೀತಿಗಳನ್ನು ಹೇಳುತ್ತದೆ. ಒಡೆಯನಂತೆ ಆಜ್ಞಾಪಿಸುವುದು ಪ್ರಭುಸಂಮಿತ, ಗೆಳೆಯನಂತೆ ತಿಳಿಹೇಳುವುದು ಮಿತ್ರಸಂಮಿತ, ಪ್ರಿಯೆಯಂತೆ ಮನಸ್ಸನ್ನು ಒಲಿಸಿಕೊಳ್ಳುವುದು ಕಾಂತಾಸಂಮಿತ.

ಈ ಮಾತುಗಳು ಮಲೆನಾಡಿಗೆ ಹೇಗೆ ಸಂಬಂಧಿಸುತ್ತವೆ? 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಸುತ್ತಿನ ಜನರು ಕಾಡಿಗೆ ನಡೆದು, ಕಡಿತಕ್ಕೆ ಗುರುತಾಗಿದ್ದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೊ ಚಳವಳಿ ಹುಟ್ಟಿದ್ದು ಹೀಗೆ. ತಮ್ಮ ಮೈಯನ್ನೇ ಕೊಡಲಿಗೆ ಅಡ್ಡವಾಗಿ ಒಡ್ಡಿದವರ ಶೀಲವನ್ನು ಪ್ರತ್ಯೇಕವಾಗಿ ಸಾಬೀತುಪಡಿಸಬೇಕಾದ ಅಗತ್ಯವಿರಲಿಲ್ಲ. ‘ಅಪ್ಪಿಕೊ’ ಎಂಬ ಮನೆಮಾತೇ ಭಾವವನ್ನು ಹೊತ್ತಿತ್ತು. ತರ್ಕವಾದರೋ ಪ್ರತಿಯೊಬ್ಬ ರೈತನ ಅನುಭವದಲ್ಲಿಯೇ ಇತ್ತು: ಕಾಡು ಬೋಳಾದರೆ ಒರತೆ ಬತ್ತುತ್ತದೆ, ತೋಟಕ್ಕೆ ಸೊಪ್ಪಿಲ್ಲವಾಗುತ್ತದೆ. ಚಳವಳಿಯ ಘೋಷಣೆ ‘ಉಳಿಸು, ಬೆಳೆಸು, ಬಳಸು’. ಇಲ್ಲಿ ಮೂರನೆಯ ಪದವನ್ನು ಗಮನಿಸಬೇಕು. ‘ಬಳಸು’ ಎಂಬುದಿಲ್ಲದಿದ್ದರೆ, ಕಾಡನ್ನು ನೆಚ್ಚಿ ಬದುಕುವವನಿಗೆ ಆ ಘೋಷಣೆಯಲ್ಲಿ ಸ್ಥಳವೇ ಇರುತ್ತಿರಲಿಲ್ಲ. ಆ ಒಂದು ಪದವು ಕಾಡಿನ ಹಿತವನ್ನೂ ಒಕ್ಕಲಿನ ಹಿತವನ್ನೂ ಒಂದೇ ಉಸಿರಿನಲ್ಲಿ ಸೇರಿಸಿತು.

ಇದಕ್ಕೆ ವಿರುದ್ಧವಾದ ಪಾಠವೂ ಇದೆ. 2013ರ ಕಸ್ತೂರಿರಂಗನ್ ವರದಿಯನ್ನು ಆಧರಿಸಿ ಕರ್ನಾಟಕದ 20,668 ಚದರ ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಘೋಷಿಸುವ ಕರಡು ಅಧಿಸೂಚನೆಗಳು ಮತ್ತೆ ಮತ್ತೆ ಹೊರಬಿದ್ದವು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಕರಡಿನ ನಿಷೇಧಪಟ್ಟಿಯಲ್ಲಿ ಪ್ರಧಾನವಾಗಿ ಇದ್ದದ್ದು ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣವಿದ್ಯುತ್ ಸ್ಥಾವರ, ಕೆಂಪು ವರ್ಗದ ಕೈಗಾರಿಕೆ, ಭಾರಿ ಕಟ್ಟಡಗಳು. ಹಳ್ಳಿಗಳಲ್ಲಿ ಹರಡಿದ್ದು ‘ಒಕ್ಕಲೆಬ್ಬಿಸುತ್ತಾರೆ’ ಎಂಬ ಸುದ್ದಿ.

ಆ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ ಬಿಟ್ಟವರ ಕುಟುಂಬಗಳು ಭೂಮಿಯ ಹಕ್ಕಿಗಾಗಿ ದಶಕಗಳ ಕಾಲ ಅಲೆದಿರುವುದನ್ನು ಮಲೆನಾಡು ಕಣ್ಣಾರೆ ಕಂಡಿದೆ. ಒಮ್ಮೆ ಮಾತು ತಪ್ಪಿದವರ ಬಾಯಿಂದ ಬಂದ ಭರವಸೆಯನ್ನು ಜನ ನಂಬಲಿಲ್ಲ. ಅಲ್ಲಿ ಸೋತದ್ದು ತರ್ಕವಲ್ಲ, ಶೀಲ. ಪರಿಸರವಾದಿಗಳ ಪಾಲೂ ಇದರಲ್ಲಿದೆ. ನಕ್ಷೆ, ಅಂಕಿ-ಅಂಶ, ಅಧಿಸೂಚನೆಗಳ ಪ್ರಭುಸಂಮಿತ ಭಾಷೆಯಲ್ಲಿ ವರದಿಯನ್ನು ಸಮರ್ಥಿಸುವುದೇ ಹೆಚ್ಚಾಯಿತು. ಅಡಿಕೆ ಚಪ್ಪರದ ಕೆಳಗೆ ಕುಳಿತು ಮಿತ್ರಸಂಮಿತವಾಗಿ ಆಡುವುದು ಕಡಿಮೆಯಾಯಿತು. ಎರಡೂ ಕಡೆ ವಾದವು ಜಲ್ಪವಾಗಿ, ಜಲ್ಪವು ವಿತಂಡವಾಗಿ ಇಳಿಯಿತು.

ಹಾಗಾದರೆ ಮಾಡಬೇಕಾದುದೇನು? ನಮ್ಮ ಶಾಸ್ತ್ರಕಾರರು ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷವನ್ನು ಮಂಡಿಸುತ್ತಿದ್ದರು. ಎದುರಿನವನು ‘ಹೌದು, ನನ್ನ ಮಾತು ಇದೇ’ ಎಂದು ತಲೆದೂಗುವಂತೆ ಅವನ ಪಕ್ಷವನ್ನು ಹೇಳಬಲ್ಲವನಿಗೆ ಮಾತ್ರ ಅದನ್ನು ಅಲ್ಲಗಳೆಯುವ ಅಧಿಕಾರವಿದೆ. ಕೇಳುವವರೂ ಪ್ರತಿಯೊಂದು ಮಾತಿಗೆ ಮೂರು ಪ್ರಶ್ನೆ ಹಾಕಬೇಕು: ಹೇಳುತ್ತಿರುವವರು ಯಾರು, ಅವರಿಗೇನು ಲಾಭ? ಮನಸ್ಸಿನಲ್ಲಿ ಎಬ್ಬಿಸುತ್ತಿರುವುದು ಭಯವೋ ಆಸೆಯೋ? ಆಧಾರವೇನು?

ಇದು ಶಾಲೆಯ ಪಾಠವಷ್ಟೇ ಅಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಆಲಿಕೆ ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ದೊರೆಯಬೇಕು. ಆ 30 ದಿನಗಳಲ್ಲಿ ವಿದ್ಯಾರ್ಥಿಗಳು ಸಾರಾಂಶವನ್ನು ಊರಿನವರಿಗೆ ಓದಿ ಹೇಳಲಿ. ಹಿರಿಯರು ಕಂಡ ಒರತೆ, ಹಳ್ಳ, ಕುಸಿದ ಗುಡ್ಡಗಳ ವಿವರ ಬರಹಕ್ಕಿಳಿಯಲಿ. ಸಭೆಯ ದಿನ ಕೂಗಿದ್ದು ಗಾಳಿಗೆ ಹೋಗುತ್ತದೆ. ಆಧಾರಸಹಿತ ಆಡಿದ್ದು ದಾಖಲೆಯಲ್ಲಿ ಉಳಿಯುತ್ತದೆ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ನ್ಯಾಯಶಾಸ್ತ್ರದ ಹಳೆಯ ಉದಾಹರಣೆ. ಬೆಟ್ಟದಲ್ಲೇ ಬದುಕುವವರು ಆ ಹೊಗೆಯನ್ನು ಮೊದಲು ಕಾಣುತ್ತಾರೆ. ಅದನ್ನು ಬಯಲಿನವರೂ ನಂಬುವಂತೆ ಹೇಳಬಲ್ಲವರೇ ಮಾತು ಬಲ್ಲವರು.