ವೇದಿಕೆ ಹತ್ತುವ ಮುನ್ನ



ಮೃದಂಗ ನುಡಿಸುವವನಾಗಿ ಕಛೇರಿಗಳಲ್ಲಿ ಕಂಡ ಕೆಲವು ಎಡವಟ್ಟುಗಳನ್ನು ಹೇಳುತ್ತೇನೆ. ಗಾಯಕಿಯ ಶ್ರುತಿ ವಿಚಾರಿಸದೆ, ತಗ್ಗು ಶ್ರುತಿಯ ಉದ್ದನೆಯ ಮೃದಂಗ ಹೊತ್ತು ತಂದವರಿದ್ದಾರೆ. ಎಷ್ಟು ಬಿಗಿದರೂ ಅದು ಅಷ್ಟು ಎತ್ತರಕ್ಕೆ ಏರದು. ಎಡಭಾಗಕ್ಕೆ ಮೆತ್ತಿದ ರವೆ ಫ್ಯಾನಿನ ಗಾಳಿಗೆ ಒಣಗಿ, ತನಿ ಆವರ್ತನದ ನಡುವೆಯೇ ಕಳಚಿ ಬಿದ್ದದ್ದೂ ಉಂಟು. ಮೈಕು ಸ್ಪೀಕರಿನ ಎದುರು ಬಂದರೆ ಸ್ಪೀಕರಿನ ಸದ್ದೇ ಮತ್ತೆ ಮೈಕಿಗೆ ಹೊಕ್ಕು, ಸುತ್ತಿ ಸುತ್ತಿ ಬೆಳೆದು ಕಿರುಚುತ್ತದೆ; ಸಭೆಯೆಲ್ಲ ಕಿವಿ ಮುಚ್ಚಿಕೊಳ್ಳುತ್ತದೆ.

ಇವರೆಲ್ಲರಿಗೂ ವಿದ್ಯೆ ಚೆನ್ನಾಗಿಯೇ ಇತ್ತು. ಕಾಲು ಗಂಟೆಯ ತಯಾರಿ ಇರಲಿಲ್ಲ. ಆದ್ದರಿಂದ ಮಕ್ಕಳೇ, ಶ್ರುತಿ ಮೊದಲೇ ಕೇಳಿಕೊಳ್ಳಿ. ರವೆ, ನೀರು ಪಕ್ಕದಲ್ಲಿರಲಿ. ಸ್ಪೀಕರುಗಳು ಮುಂದಿರಲಿ, ಮೈಕು ಅವುಗಳ ಹಿಂದಿರಲಿ.

ಹಿರಿಯರಲ್ಲಿ ಒಂದು ಬಿನ್ನಹ. ವಾರ್ಷಿಕೋತ್ಸವದಲ್ಲಿ ಮಗುವಿನ ಮೈಕು ಕಿರುಚಿದಾಗ ದಯವಿಟ್ಟು ನಗಬೇಡಿ. ನುರಿತ ವಿದ್ವಾಂಸರು ಆ ಕ್ಷಣ ದಾಟಿ ಮುಂದುವರಿಯುತ್ತಾರೆ. ಮಗುವೋ, ಆ ನಗುವಿಗೆ ಹೆದರಿ ಮತ್ತೆಂದೂ ವೇದಿಕೆ ಹತ್ತದೇ ಹೋಗಬಹುದು. ಈ ಶಾಲೆಯ ಮುಂದಿನ 50 ವರ್ಷಗಳಲ್ಲಿ ಅಂಥ ಒಂದು ಮಗುವೂ ನಮ್ಮಿಂದಾಗಿ ಹಾಡು ಬಿಡದಿರಲಿ.