ವಕೀಲಿ ವೃತ್ತಿಯ ಆಯ್ಕೆ



ಪರೀಕ್ಷೆಯ ಫಲಿತಾಂಶಗಳು ಪ್ರಕಟವಾಗುವ ಕಾಲಕ್ಕೆ, ಕಾಲೇಜಿನಲ್ಲಿ ಪಾಠ ಹೇಳುವ ನಮ್ಮನ್ನು ತಂದೆತಾಯಿಗಳು ಒಂದು ಪ್ರಶ್ನೆ ಕೇಳುವುದುಂಟು: ‘ನಮ್ಮ ಹುಡುಗ ಮಾತಿನಲ್ಲಿ ಬಹಳ ಚತುರ, ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಪಡೆದಿದ್ದಾನೆ. ಅವನಿಗೆ ಲಾ ಓದಿಸಬಹುದಲ್ಲವೇ?’ ವಕೀಲನೆಂದರೆ ವಾಗ್ಮಿ, ನ್ಯಾಯಾಲಯವೆಂದರೆ ವಾಗ್ಯುದ್ಧದ ರಂಗಸ್ಥಳ ಎಂಬ ಕಲ್ಪನೆ ಈ ಪ್ರಶ್ನೆಯ ಹಿಂದೆ ಅಡಗಿದೆ. ನಾಟಕಗಳೂ ಚಲಚ್ಚಿತ್ರಗಳೂ ಅದನ್ನು ಚೆನ್ನಾಗಿ ಪೋಷಿಸಿವೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಈ ಹೊತ್ತು ವಿಚಾರಮಾಡೋಣ.

ಗಾಂಧೀಜಿಯವರು 1891ರಲ್ಲಿ ಬ್ಯಾರಿಸ್ಟರಾಗಿ ಇಂಗ್ಲೆಂಡಿನಿಂದ ಹಿಂದಿರುಗಿದರು. ಬೊಂಬಾಯಿಯ ಸ್ಮಾಲ್ ಕಾಸ್ ಕೋರ್ಟಿನಲ್ಲಿ ದೊರೆತ ಮೊದಲನೆಯ ಮೊಕದ್ದಮೆಗೆ ಅವರ ಶುಲ್ಕ 30 ರೂಪಾಯಿ. ವಾದಿಯ ಕಡೆಯ ಸಾಕ್ಷಿಗಳಿಗೆ ಪಾಟೀಸವಾಲು ಹಾಕಬೇಕಾಗಿತ್ತು. ಎದ್ದು ನಿಂತರು, ತಲೆ ಸುತ್ತಿತು, ಒಂದು ಪ್ರಶ್ನೆಯೂ ಹೊಳೆಯದೆ ಕುಳಿತುಬಿಟ್ಟರು. ಶುಲ್ಕವನ್ನು ಹಿಂದಕ್ಕೆ ಕೊಟ್ಟು, ಆ ಕೆಲಸವನ್ನು 51 ರೂಪಾಯಿಗೆ ಮತ್ತೊಬ್ಬ ವಕೀಲರಿಗೆ ವಹಿಸಬೇಕಾಯಿತು. ಆಮೇಲೆ ರಾಜಕೋಟೆಯಲ್ಲಿ ಅರ್ಜಿಗಳನ್ನು ಬರೆದುಕೊಡುತ್ತಾ ಜೀವನ ನಡೆಸಿದರು.

ಅದೇ ವ್ಯಕ್ತಿ 1893ರಲ್ಲಿ ದಾದಾ ಅಬ್ದುಲ್ಲಾ ಎಂಬ ವರ್ತಕರ ವ್ಯಾಜ್ಯದ ಸಲುವಾಗಿ ದಕ್ಷಿಣ ಆಫ್ರಿಕಕ್ಕೆ ಹೋದಾಗ ಮಾಡಿದ ಕೆಲಸ ಗಮನಾರ್ಹವಾದುದು. ವ್ಯಾಜ್ಯವೆಲ್ಲಾ ಲೆಕ್ಕಪತ್ರಗಳದು; ಅವರಿಗೋ ಲೆಕ್ಕಪತ್ರದ ಗಂಧವಿರಲಿಲ್ಲ. ಪುಸ್ತಕ ಕೊಂಡು ಲೆಕ್ಕವಿಡುವ ಕ್ರಮವನ್ನು ಕಲಿತರು; ಕಾಗದಗಳನ್ನೆಲ್ಲಾ ಓದಿದರು. ಕಕ್ಷಿಗಾರರದು ಬಲವಾದ ಪಕ್ಷವೆಂದು ತಿಳಿಯಿತು. ಆದರೆ ವಾದಿ ಪ್ರತಿವಾದಿಗಳಿಬ್ಬರೂ ಬಂಧುಗಳು. ವಕೀಲರ ಶುಲ್ಕ ಇಬ್ಬರನ್ನೂ ತಿನ್ನುತ್ತಿತ್ತು. ಗಾಂಧೀಜಿಯವರು ಉಭಯರನ್ನೂ ಪಂಚಾಯಿತಿಗೆ ಒಪ್ಪಿಸಿದರು. ಅವರ ಕಕ್ಷಿಗಾರರಿಗೆ ಸುಮಾರು 37,000 ಪೌಂಡುಗಳು ಸಲ್ಲಬೇಕೆಂದು ತೀರ್ಪಾಯಿತು. ಅಷ್ಟನ್ನೂ ಒಮ್ಮೆಗೇ ತೆತ್ತರೆ ಎದುರಾಳಿ ದಿವಾಳಿಯಾಗುತ್ತಿದ್ದರು. ಆದಕಾರಣ ಕಂತುಗಳಲ್ಲಿ ತೆಗೆದುಕೊಳ್ಳುವಂತೆ ತಮ್ಮ ಕಕ್ಷಿಗಾರರ ಮನವೊಲಿಸಿದರು. ಪಂಚಾಯಿತಿಗೆ ಒಪ್ಪಿಸುವುದಕ್ಕಿಂತಲೂ ಇದೇ ಅವರಿಗೆ ಹೆಚ್ಚು ಕಷ್ಟವಾಯಿತಂತೆ!

ಮಾತನ್ನು ಅಭ್ಯಾಸದಿಂದ ಪಡೆಯಬಹುದು. ಪರರ ತೊಂದರೆಯ ಕಾಗದಗಳನ್ನು ಬೇಸರವಿಲ್ಲದೆ ಓದುವ ಸ್ವಭಾವ ಇದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ.

ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ದಿನನಿತ್ಯ ಕಾಣುವ ಪಾಲುವಿಭಾಗದ ದಾವೆಯನ್ನೇ ತೆಗೆದುಕೊಳ್ಳಿ. ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಗಳೊಬ್ಬಳು ಪಿತ್ರಾರ್ಜಿತ ಜಮೀನಿನಲ್ಲಿ ತನ್ನ ಭಾಗ ಕೇಳಲು ಬರುತ್ತಾಳೆ. ಅವಳು ಕಥೆಯನ್ನು ಆರಂಭಿಸುವುದು ತಮ್ಮನ ಮದುವೆಯಲ್ಲಿ ನಡೆದ ಜಗಳದಿಂದ. ವಕೀಲನಿಗೆ ಬೇಕಾದುದು ವಂಶವೃಕ್ಷ, ಪಹಣಿ, ಖಾತೆ, ತಾರೀಖು. 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು ಬಂದಿದೆ. ಆ ದಿನ ತಂದೆ ಬದುಕಿರಲೇಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಮಾನಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಾಯಿತ ವಿಭಾಗಪತ್ರವಾಗಿದ್ದರೆ ಆ ವಿಭಾಗ ಕದಲುವುದಿಲ್ಲ. ಹಳೆಯ ಪೆಟ್ಟಿಗೆಯ ತಳದಲ್ಲಿರುವ ಒಂದು ಕಾಗದ, ಅದರ ಮೇಲಿನ ಒಂದು ತಾರೀಖು: ಇದರಿಂದ ಅವಳ ಪಾಲು ಉಳಿಯಬಹುದು, ಹೋಗಬಹುದು. ಇಲ್ಲಿ ವಾಗ್ವೈಖರಿಗೆ ಎಡೆಯೆಲ್ಲಿ? ಜಗಳದ ಕಥೆಯನ್ನು ತಾಳ್ಮೆಯಿಂದ ಕೇಳಿದವನಿಗೇ ಪೆಟ್ಟಿಗೆಯ ಸುದ್ದಿ ತಿಳಿಯುವುದು.

ಕನ್ನಡವನ್ನು ಕಡೆಗಣಿಸಿ ಓದಿದ ಪಟ್ಟಣದ ವಿದ್ಯಾರ್ಥಿಗಳಿಗೆ ಇದನ್ನು ವಿಶೇಷವಾಗಿ ಹೇಳಬೇಕಾಗಿದೆ. ಉಚ್ಚ ನ್ಯಾಯಾಲಯದ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತದೆ, ನಿಜ. ಆದರೆ ಸಾಕ್ಷಿ ನುಡಿಯುವುದು ತನ್ನ ಊರಿನ ಮಾತಿನಲ್ಲಿ. ‘ಒತ್ತುವರಿ’, ‘ಪೋಡಿ’, ‘ಖರಾಬು’ ಎಂದರೆ ಬೆಪ್ಪಾಗಿ ನಿಲ್ಲುವವನು ಎಂಥ ಪಾಟೀಸವಾಲು ಹಾಕಿಯಾನು!

ಇನ್ನು ದಾರಿಯ ವಿಷಯ. ಪದವಿಯ ತರುವಾಯ 3 ವರ್ಷ, ಇಲ್ಲವೇ ಪಿ.ಯು.ಸಿ. ಆದಮೇಲೆ 5 ವರ್ಷ ಓದಬೇಕು. ಬಳಿಕ 1961ರ ವಕೀಲರ ಕಾಯಿದೆಯ ಮೇರೆಗೆ ರಾಜ್ಯದ ವಕೀಲರ ಪರಿಷತ್ತಿನಲ್ಲಿ ಹೆಸರು ದಾಖಲಾಗಬೇಕು. ಅಖಿಲ ಭಾರತ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಬೇಕು. ದಾಖಲಾತಿಗೆ ಕೆಲವು ರಾಜ್ಯಗಳು ಹತ್ತಾರು ಸಾವಿರ ರೂಪಾಯಿಗಳನ್ನು ಕೇಳುತ್ತಿದ್ದುವು. ಕಾಯಿದೆಯಲ್ಲಿ ಹೇಳಿದ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ ಪಂಗಡದವರಿಂದ 125 ರೂಪಾಯಿಗಿಂತ, ಹೆಚ್ಚು ತೆಗೆದುಕೊಳ್ಳಕೂಡದೆಂದು ಸರ್ವೋಚ್ಚ ನ್ಯಾಯಾಲಯ 2024ರ ಜುಲೈನಲ್ಲಿ ವಿಧಿಸಿತು. ಬಾಗಿಲಿನಲ್ಲಿದ್ದ ಸುಂಕ ಹೀಗೆ ತಗ್ಗಿತು.

ಒಳಗಿನ ಸುಂಕ ಬೇರೆಯೇ ಇದೆ. ಹಿರಿಯ ವಕೀಲರ ಕಚೇರಿಯಲ್ಲಿ ಕಳೆಯುವ ಮೊದಲ ಮೂರು ನಾಲ್ಕು ವರ್ಷಗಳಲ್ಲಿ ಅನೇಕ ಕಿರಿಯರಿಗೆ ಬರುವ ಹಣ ಬಸ್ಸಿನ ಖರ್ಚಿಗೂ ಊಟಕ್ಕೂ ಸಾಲದು. ಕಿರಿಯರಿಗೆ ಪಟ್ಟಣಗಳಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸೂಚಿಸಿತು. ಅದು ಸಲಹೆಯೇ ಹೊರತು ಆಜ್ಞೆಯಲ್ಲ. ‘ಕೆಲಸ ಕಲಿಸುವುದೇ ಸಂಬಳ’ ಎನ್ನುವ ಹಿರಿಯರ ಮಾತಿನಲ್ಲಿ ಸ್ವಲ್ಪ ಸತ್ಯವಿದೆಯೆಂದು ಒಪ್ಪೋಣ; ಆದರೆ ಕೊಠಡಿಯ ಬಾಡಿಗೆಯನ್ನು ವಿದ್ಯೆಯಿಂದ ತೀರಿಸಲಾಗುವುದಿಲ್ಲ. ತಂದೆಯೇ ವಕೀಲನಾದ ಹುಡುಗ ಈ ಕಾಲವನ್ನು ಸುಖವಾಗಿ ದಾಟುತ್ತಾನೆ. ರೈತನ ಮಗಳು, ಗುಮಾಸ್ತನ ಮಗ ಎರಡನೆಯ ವರ್ಷದಲ್ಲೇ ಬೇರೆ ನೌಕರಿ ಹುಡುಕುತ್ತಾರೆ. ಬುದ್ಧಿಯಿಂದಲ್ಲ, ಮನೆಯ ಹಣದ ಚೀಲದಿಂದ ನಡೆಯುವ ಈ ಜರಡಿಯಾಟದಲ್ಲಿ ವೃತ್ತಿಗೇ ನಷ್ಟವೆಂದು ನಾವು ಭಾವಿಸುತ್ತೇವೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷಗಳ ವಕೀಲಿ ಅನುಭವ ಬೇಕೆಂದು 2025ರ ಮೇ ತಿಂಗಳಲ್ಲಿ ತೀರ್ಪಾದ ಮೇಲಂತೂ ಈ ವರ್ಷಗಳನ್ನು ಹೇಗೆ ಕಳೆಯುವುದೆಂಬ ಚಿಂತೆ ನ್ಯಾಯಾಧೀಶರಾಗಬಯಸುವವರಿಗೂ ತಗುಲಿದೆ.

ಆದಕಾರಣ ಅರ್ಜಿ ಹಾಕುವ ಮುನ್ನ ಮನೆಯವರೆಲ್ಲಾ ಕುಳಿತು ಲೆಕ್ಕ ಹಾಕಲಿ: ಓದಿಗೆ ಎಷ್ಟು, ಓದಿನ ನಂತರದ ಮೂರು ವರ್ಷಕ್ಕೆ ಎಷ್ಟು? ಈ ಎರಡನೆಯ ಮೊತ್ತವನ್ನು ಎಲ್ಲರೂ ಮರೆಯುತ್ತಾರೆ. ರಜೆಯಲ್ಲಿ ಹುಡುಗನೋ ಹುಡುಗಿಯೋ ಹತ್ತಿರದ ನ್ಯಾಯಾಲಯಕ್ಕೆ ಹೋಗಿ ಒಂದು ವಾರ ಹಿಂದಿನ ಬೆಂಚಿನಲ್ಲಿ ಕುಳಿತುಬರಲಿ. ಸಾಮಾನ್ಯವಾಗಿ ವಿಚಾರಣೆ ಸಾರ್ವಜನಿಕವಾಗಿಯೇ ನಡೆಯುತ್ತದೆ, ಟಿಕೀಟಿಲ್ಲ. ಮೊದಲ ದಿನ ವಾಯಿದೆಗಳ ಮೇಲೆ ವಾಯಿದೆಗಳನ್ನು ಕಂಡು ಆಕಳಿಕೆ ಬಂದೀತು. ಐದನೆಯ ದಿನ ಯಾವುದಾದರೂ ಒಂದು ದಾವೆಯ ಮುಂದಿನ ತಾರೀಖನ್ನು ತಾವಾಗಿಯೇ ಗುರುತುಹಾಕಿಕೊಂಡು ಬಂದರೆ, ತಂದೆತಾಯಿಗಳು ಆಗ ನಮ್ಮನ್ನು ಕಾಣಬಹುದು.